ಮುರಿದ ಹಲ್ಲಿಗೆ ಎರಡೂವರೆ ಮಿಲಿಮೀಟರ್: ಒಂದು ಕ್ರೌನ್ ಲೆಂಗ್ತನಿಂಗ್ ಪ್ರಕರಣ

ಕ್ರೌನ್ ಲೆಂಗ್ತನಿಂಗ್ ಅಂದರೆ ಹಲ್ಲಿನ ಸುತ್ತಲಿನ ವಸಡನ್ನು, ಬೇಕಿದ್ದರೆ ಎಲುಬನ್ನೂ ಸ್ವಲ್ಪ ತೆಗೆದು, ಕ್ಯಾಪ್ ಹಿಡಿಯುವಷ್ಟು ಹಲ್ಲನ್ನು ಹೊರಗೆ ತರುವ ಆಪರೇಷನ್. ಈ ರೋಗಿ 44 ವರ್ಷದ ಹೆಣ್ಣುಮಗಳು. ಬಾಗಲಕೋಟೆ ಜಿಲ್ಲೆ ಹುನಗುಂದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಊರಲ್ಲಿ ಎಲ್ಲರೂ ಅಕ್ಕೋರು ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ. ಹೆಸರು, ಊರು ಬಿಟ್ಟು ಉಳಿದದ್ದೆಲ್ಲ ಬರೀರಿ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ತೊಂದರೆ ಇದ್ದದ್ದು ಮೇಲಿನ ಬಲಗಡೆ, ಕೋರೆಹಲ್ಲಿನ ಹಿಂದಿನ ಎರಡನೇ ಹಲ್ಲಿನಲ್ಲಿ. ಅದಕ್ಕೆ ನಾಲ್ಕು ವರ್ಷದ ಹಿಂದೆ ರೂಟ್ ಕೆನಾಲ್ ಆಗಿತ್ತು. ಕ್ಯಾಪ್ ಹಾಕಿಸಿರಲಿಲ್ಲ. ಆಗ ಮಗಳ ಪಿಯುಸಿ ಅಡ್ಮಿಷನ್ ಬಂದಿತ್ತು, ಹಲ್ಲೂ ನೋಯುತ್ತಿರಲಿಲ್ಲ. ಮುಂದೆ ನೋಡೋಣ ಅಂತ ಬಿಟ್ಟರು. ಒಂದು ಕುಬಸದ ಮನೆಯಲ್ಲಿ ಅಮೀನಗಡದ ಕರದಂಟು ಕಡಿದಾಗ ಕಟ್ ಅಂತ ಸಪ್ಪಳ ಕೇಳಿತಂತೆ. ನೋವಿಲ್ಲ, ರಕ್ತವಿಲ್ಲ. ನಾಲಿಗೆ ಆಡಿಸಿ ನೋಡಿದರೆ ಒಂದು ಚೂರು ವಸಡಿಗೆ ಜೋತುಬಿದ್ದಿತ್ತು. ಕನ್ನಡಿ ಮುಂದೆ ನಿಂತು ತಾವೇ ಎಳೆದು ತೆಗೆದರು.

ಕರದಂಟಿನ ಮೇಲೆ ತಪ್ಪು ಹಾಕುವುದು ಬೇಡ. ರೂಟ್ ಕೆನಾಲ್ ಮಾಡುವಾಗ ಹಲ್ಲಿನ ನಡುವಿನ ಭಾಗ ಕೊರೆದು ತೆಗೆದಿರುತ್ತೇವೆ. ಉಳಿಯುವುದು ಸುತ್ತಲಿನ ಗೋಡೆ ಮಾತ್ರ. ಮೇಲಿನ ಈ ಹಲ್ಲುಗಳಿಗೆ ಎರಡು ಮೊನೆ, ನಡುವೆ ಒಂದು ಹಳ್ಳ. ಗಟ್ಟಿ ಪದಾರ್ಥ ಆ ಹಳ್ಳದಲ್ಲಿ ಕೂತು ಒತ್ತಡ ಬಿದ್ದರೆ ಎರಡು ಗೋಡೆಗಳು ಬೇರೆಬೇರೆ ದಿಕ್ಕಿಗೆ ಬಾಗುತ್ತವೆ. ಕ್ಯಾಪ್ ಇದ್ದರೆ ಎರಡನ್ನೂ ಹಿಡಿದಿಡುತ್ತದೆ. ಇಲ್ಲದಿದ್ದರೆ ಒಂದಲ್ಲ ಒಂದು ದಿನ ಒಂದು ಗೋಡೆ ಬಿಟ್ಟುಕೊಡುತ್ತದೆ. ಕರದಂಟು ಅಲ್ಲದಿದ್ದರೆ ಕಡಕ್ ರೊಟ್ಟಿ, ಅದೂ ಅಲ್ಲದಿದ್ದರೆ ಹುರಿದ ಶೇಂಗಾ.

ಅವರು ನವನಗರದ ನಮ್ಮ ಕ್ಲಿನಿಕ್ಕಿಗೆ ಬರುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಊಟ ಸಿಕ್ಕಿಕೊಂಡು ವಸಡು ಕೆಂಪಾಗಿತ್ತು, ಬ್ರಶ್ ತಾಗಿದರೆ ರಕ್ತ ಬರುತ್ತಿತ್ತು. ಅಲ್ಲಿಗೆ ಮಿಸ್ರಿ ತಿಕ್ಕು, ವಸಡು ಗಟ್ಟಿಯಾಗುತ್ತದೆ ಅಂತ ಅತ್ತೆ ಹೇಳಿದ್ದರಂತೆ. ಅಕ್ಕೋರು ತಿಕ್ಕಿರಲಿಲ್ಲ. ಬಹಳ ಒಳ್ಳೇದಾಯಿತು. ಮಿಸ್ರಿ ಅಂದರೆ ಹುರಿದು ಪುಡಿ ಮಾಡಿದ ತಂಬಾಕು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಅದನ್ನು ಹಲ್ಲುಪುಡಿ ಅಂತಲೇ ತಿಳಿದಿದ್ದಾರೆ. ವಸಡಿನ ಆಪರೇಷನ್ ಆದ ಜಾಗ ಮಾಯುವುದನ್ನು ಕೆಡಿಸುವುದರಲ್ಲಿ ತಂಬಾಕು ಮೊದಲ ಸಾಲಿನಲ್ಲಿದೆ. ಗುಟಕಾ, ಬೀಡಿ, ಸಿಗರೇಟಿಗೂ ಇದೇ ಮಾತು.

ಕುರ್ಚಿಯಲ್ಲಿ ಕೂತ ಕೂಡಲೇ ಅವರು ಕೇಳಿದ್ದು ಒಂದೇ. "ಡಾಕ್ಟ್ರೇ, ಹಲ್ಲು ಉಳಿತೈತೇನ್ರಿ? ಇಲ್ಲಂದ್ರ ಕಿತ್ತ ಹಾಕ್ರಿ ಅತ್ಲಾಗ."

ಪರೀಕ್ಷೆಯಲ್ಲಿ ಸಿಕ್ಕಿದ್ದು

ಕೆನ್ನೆ ಕಡೆಯ ಗೋಡೆ ಗಟ್ಟಿಯಾಗಿ ನಿಂತಿತ್ತು. ಅಂಗುಳದ ಕಡೆಯದು ಓರೆಯಾಗಿ ಹಾರಿಹೋಗಿತ್ತು. ಮುರಿದ ಅಂಚು ವಸಡಿನೊಳಗೆ ಸುಮಾರು ಒಂದೂವರೆ ಮಿ.ಮೀ. ಇಳಿದಿತ್ತು.

ಇಂಥ ಹಲ್ಲು ನೋಡಿದಾಗ ನನ್ನ ಮೊದಲ ಚಿಂತೆ ಬೇರಿನದು. ಬಿರುಕು ಬೇರಿನ ಉದ್ದಕ್ಕೂ ಇಳಿದಿದ್ದರೆ ಯಾವ ಆಪರೇಷನ್ನಿಂದಲೂ ಪ್ರಯೋಜನವಿಲ್ಲ. ಅದಕ್ಕೆ ಹಲ್ಲಿನ ಸುತ್ತ ಅಳತೆ ಕಡ್ಡಿ ಇಳಿಸಿ ನೋಡುತ್ತೇವೆ. ಮಿಲಿಮೀಟರ್ ಗೆರೆ ಹಾಕಿದ ಸಪೂರ ಕಡ್ಡಿ ಅದು, ತುದಿ ಮೊಂಡು. ಎಲ್ಲ ಕಡೆ ಎರಡು ಮೂರು ಮಿ.ಮೀ. ಇಳಿದು ಒಂದೇ ಒಂದು ಕಡೆ ಸರ್ರಂತ ಏಳೆಂಟಕ್ಕೆ ಹೋದರೆ ಬೇರು ಸೀಳಿರುವ ಅನುಮಾನ ಬಲವಾಗುತ್ತದೆ. ಅಕ್ಕೋರಿಗೆ ಹಾಗೇನೂ ಇರಲಿಲ್ಲ. ಮೂರಕ್ಕಿಂತ ಜಾಸ್ತಿ ಎಲ್ಲೂ ಇಳಿಯಲಿಲ್ಲ. ಹಲ್ಲು ಅಲ್ಲಾಡುತ್ತಲೂ ಇರಲಿಲ್ಲ.

ಎಕ್ಸ್‌ರೇಯಲ್ಲಿ ಹಳೇ ರೂಟ್ ಕೆನಾಲ್ ತುದಿವರೆಗೂ ಚೆನ್ನಾಗಿ ತುಂಬಿತ್ತು. ಬೇರಿನ ಬುಡದಲ್ಲಿ ಸೋಂಕು ಸೂಚಿಸುವ ಕಪ್ಪು ಕಲೆ ಇರಲಿಲ್ಲ. ಎಲುಬಿನೊಳಗೆ ಬೇರು ಸುಮಾರು 13 ಮಿ.ಮೀ. ಇತ್ತು. ಇದು ದೊಡ್ಡ ಸಮಾಧಾನ. ಆಪರೇಷನ್ನಿನಲ್ಲಿ ಎಲುಬು ಸ್ವಲ್ಪ ತೆಗೆದ ಮೇಲೂ ಒಳಗೆ ಉಳಿಯುವ ಬೇರು, ಹೊರಗೆ ನಿಲ್ಲುವ ಹಲ್ಲಿನಷ್ಟಾದರೂ ಇರಬೇಕು. ಬೇರು ಗಿಡ್ಡ ಇದ್ದರೆ ಹಲ್ಲು ಕೆಲವು ವರ್ಷದಲ್ಲಿ ಅಲ್ಲಾಡತೊಡಗುತ್ತದೆ.

ಕೊನೇ ಅಳತೆಗೆ ವಸಡನ್ನು ಮರಗಟ್ಟಿಸಬೇಕು. ಸೂಜಿಮದ್ದು ಕೊಟ್ಟು, ಅದೇ ಕಡ್ಡಿಯನ್ನು ವಸಡಿನ ಮೂಲಕ ಎಲುಬು ತಾಗುವವರೆಗೆ ಒತ್ತಿ ಓದುತ್ತೇವೆ. ಎಕ್ಸ್‌ರೇ ಹಲ್ಲಿನ ಸಂದಿಯ ಎಲುಬನ್ನು ತೋರಿಸುತ್ತದೆ, ಅಂಗುಳದ ಕಡೆಯದನ್ನು ಸರಿಯಾಗಿ ತೋರಿಸುವುದಿಲ್ಲ. ಈ ಕಡ್ಡಿಯೇ ಅಲ್ಲಿ ಸತ್ಯ ಹೇಳುವುದು. ಮುರಿದ ಅಂಚಿನಿಂದ ಎಲುಬಿನ ತುದಿಗೆ 2 ಮಿ.ಮೀ. ಬಂತು.

ಲೆಕ್ಕ

ಈ ಪ್ರಕರಣದ ಜೀವ ಇರುವುದು ಆ 2 ಮಿ.ಮೀ.ನಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ವಸಡು ಹಲ್ಲಿಗೆ ಸುಮ್ನೆ ಒರಗಿ ನಿಂತಿಲ್ಲ, ಅಂಟಿಕೊಂಡಿದೆ. ಎಲುಬಿನ ತುದಿಯಿಂದ ಮೇಲಕ್ಕೆ ಮೊದಲು ನಾರಿನಂಥ ಅಂಗಾಂಶ ಬೇರಿಗೆ ಬಿಗಿದಿರುತ್ತದೆ. ಅದರ ಮೇಲೆ ತೆಳುವಾದ ಚರ್ಮದ ಪದರ ಹತ್ತಿಕೊಂಡಿರುತ್ತದೆ. ಅದಕ್ಕೂ ಮೇಲೆ ಒಂದು ಸಣ್ಣ ಸಂದು. 1961ರಲ್ಲಿ ಗಾರ್ಗಿಯುಲೊ, ವೆಂಟ್ಜ್, ಒರ್ಬಾನ್ ಎಂಬ ಮೂವರು ಶವಗಳ ದವಡೆಗಳಲ್ಲಿ ಇದನ್ನು ಅಳೆದರು. ಸರಾಸರಿ ಲೆಕ್ಕದಲ್ಲಿ ನಾರಿನ ಪದರ 1.07, ಚರ್ಮದ ಪದರ 0.97, ಸಂದು 0.69 ಮಿ.ಮೀ. ಮೊದಲಿನ ಎರಡು ಸೇರಿಸಿದರೆ ಎರಡು ಮಿ.ಮೀ. ಚಿಲ್ಲರೆ. ಅದು ಸರಾಸರಿ ಅಷ್ಟೇ, ಮನುಷ್ಯರಿಂದ ಮನುಷ್ಯರಿಗೆ, ಹಲ್ಲಿನಿಂದ ಹಲ್ಲಿಗೆ ಬದಲಾಗುತ್ತದೆ. ಆದರೆ ಸಂದನ್ನೂ ಸೇರಿಸಿ ಎಲುಬಿನಿಂದ ಮೂರು ಮಿ.ಮೀ. ಬಿಟ್ಟು ಕ್ಯಾಪಿನ ಅಂಚು ಇಡಬೇಕು ಅನ್ನುವ ರೂಢಿ ಬಂದದ್ದು ಇಂಥ ಅಳತೆಗಳಿಂದಲೇ.

ಈ ಮೂರು ಮಿ.ಮೀ. ದೇಹದ ಸ್ವಂತ ಜಾಗ. ಅದರೊಳಗೆ ಕ್ಯಾಪಿನ ಅಂಚು ತುರುಕಿದರೆ ದೇಹ ಒಪ್ಪುವುದಿಲ್ಲ. ಕೆಲವರಿಗೆ ವಸಡು ವರ್ಷಗಟ್ಟಲೆ ಕೆಂಪಗೆ ಊದಿಕೊಂಡು, ಮುಟ್ಟಿದರೆ ರಕ್ತ ಬರುತ್ತದೆ. ಕೆಲವರಿಗೆ ಅಲ್ಲಿನ ಎಲುಬು ತಾನೇ ಕರಗಿ, ತನಗೆ ಬೇಕಾದ ಜಾಗ ಮಾಡಿಕೊಳ್ಳುತ್ತದೆ, ಅದೂ ಅಡ್ಡಾದಿಡ್ಡಿಯಾಗಿ. ಕ್ಯಾಪ್ ಹಾಕಿಸಿದಾಗಿನಿಂದ ಆ ಹಲ್ಲಿನ ಸುತ್ತ ಮಾತ್ರ ರಕ್ತ ಬರ್ತಾ ಇದೆ, ಎಷ್ಟು ತಿಕ್ಕಿದರೂ ಹೋಗ್ತಿಲ್ಲ ಅನ್ನುವವರು ನಮ್ಮಲ್ಲಿ ಬರುತ್ತಲೇ ಇರುತ್ತಾರೆ. ಅವರು ತಿಕ್ಕುವುದು ಸರಿಯಾಗೇ ಇರುತ್ತದೆ. ಕ್ಯಾಪಿನ ಅಂಚು ಇರಬಾರದ ಜಾಗದಲ್ಲಿ ಇರುತ್ತದೆ.

ಇನ್ನೊಂದು ಲೆಕ್ಕ ಕ್ಯಾಪಿನ ಹಿಡಿತದ್ದು. ಕ್ಯಾಪ್ ಬರೀ ಸಿಮೆಂಟ್ ತುಂಬಿದ ಭಾಗವನ್ನು ಹಿಡಿದುಕೊಂಡರೆ ಸಾಲದು. ಅದರ ಅಂಚು ಗಟ್ಟಿ ಹಲ್ಲನ್ನೇ ಸುತ್ತಲೂ ಒಂದೂವರೆಯಿಂದ ಎರಡು ಮಿ.ಮೀ. ಅಪ್ಪಿರಬೇಕು. ಒನಕೆಯ ತುದಿ ಸೀಳದಿರಲಿ ಅಂತ ಕಬ್ಬಿಣದ ಬಳೆ ಹಾಕುತ್ತಾರಲ್ಲ, ಅದೇ ಕೆಲಸ. ಈ ಅಪ್ಪುಗೆ ಇಲ್ಲದ ಕ್ಯಾಪ್ ಕಿತ್ತುಬರುತ್ತದೆ, ಇಲ್ಲವೇ ಬೇರನ್ನೇ ಸೀಳುತ್ತದೆ.

ಈಗ ಕೂಡಿಸಿ ನೋಡಿ. ದೇಹಕ್ಕೆ ಮೂರು, ಹಿಡಿತಕ್ಕೆ ಒಂದೂವರೆ. ಎಲುಬಿನ ಮೇಲೆ ನಾಲ್ಕೂವರೆ ಮಿ.ಮೀ. ಗಟ್ಟಿ ಹಲ್ಲು ಬೇಕು. ಅಕ್ಕೋರ ಹತ್ತಿರ ಇದ್ದದ್ದು ಎರಡು. ಕೊರತೆ ಎರಡೂವರೆ. ಹಲ್ಲನ್ನು ಬೆಳೆಸಲು ಆಗುವುದಿಲ್ಲ, ಹಾಗಾಗಿ ಎಲುಬನ್ನು ಎರಡೂವರೆ ಮಿ.ಮೀ. ಹಿಂದಕ್ಕೆ ಸರಿಸಬೇಕು.

ಇದನ್ನು ಒಂದು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದೆ. ಎಲುಬಿಗೆ ಒಂದು ಗೆರೆ, ವಸಡಿಗೆ ಒಂದು, ಮುರಿದ ಅಂಚಿಗೆ ಒಂದು. ಅಕ್ಕೋರು ನನ್ನ ಕೈಯಿಂದ ಪೆನ್ನು ಇಸಿದುಕೊಂಡು ತಾವೇ ಕಳೆಯುವ ಲೆಕ್ಕ ಮಾಡಿದರು. ಆಮೇಲೆ ಕೇಳಿದರು. "ಹಂಗಾರ ಬರೇ ವಸಡು ಕೊಯ್ದ್ರ ಸಾಲೂದಿಲ್ಲನ್ರಿ?" ಬಹಳ ಒಳ್ಳೇ ಪ್ರಶ್ನೆ. ಎಲುಬು ಮೊದಲೇ ಅಂಚಿನಿಂದ ಸಾಕಷ್ಟು ದೂರದಲ್ಲಿದ್ದು ವಸಡು ಮಾತ್ರ ಜಾಸ್ತಿ ಬೆಳೆದಿದ್ದರೆ, ವಸಡನ್ನು ಬ್ಲೇಡಿನಿಂದಲೋ ಲೇಸರಿನಿಂದಲೋ ಕತ್ತರಿಸಿದರೆ ಸಾಕು. ಅರ್ಧ ಗಂಟೆಯ ಕೆಲಸ. ಎಲುಬು ಹತ್ತಿರವಿದ್ದಾಗ ಬರೀ ವಸಡು ಕೊಯ್ದರೆ ಅದು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ವಸಡು ನಿಲ್ಲುವ ಎತ್ತರವನ್ನು ತೀರ್ಮಾನಿಸುವುದು ಕೆಳಗಿನ ಎಲುಬು. ಲೇಸರ್ ಇದ್ದರೆ ಹೊಲಿಗೆ ಬೇಡ, ರಕ್ತ ಬರಲ್ಲ ಅಂತ ಕೇಳಿ ಬರುವವರು ಇದೊಂದು ಮಾತು ನೆನಪಿಟ್ಟುಕೊಳ್ಳಿ. ಮೊದಲು ಎಲುಬಿನ ಅಳತೆ, ಆಮೇಲೆ ಸಾಧನದ ಆಯ್ಕೆ.

ಬೇರೆ ದಾರಿ ಇರಲಿಲ್ಲವೇ?

ಇದ್ದವು, ಎಲ್ಲವನ್ನೂ ಅವರ ಮುಂದಿಟ್ಟೆ. ಹಲ್ಲು ಕಿತ್ತು ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಧಾರದ ಮೇಲೆ ನಿಲ್ಲುವ ಕಟ್ಟಿದ ಹಲ್ಲು ಹಾಕಬಹುದು. ಆದರೆ ಅಕ್ಕಪಕ್ಕದ ಎರಡು ಒಳ್ಳೇ ಹಲ್ಲುಗಳನ್ನು ಸವೆಸಬೇಕು, ನನಗೆ ಮನಸ್ಸು ಬರಲಿಲ್ಲ. ಕಿತ್ತು ಇಂಪ್ಲಾಂಟ್, ಅಂದರೆ ಎಲುಬಿನಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಹಾಕಬಹುದು. ಖರ್ಚು ಜಾಸ್ತಿ, ತಿಂಗಳುಗಟ್ಟಲೆ ಸಮಯ, ಜೊತೆಗೆ ಆ ಜಾಗದಲ್ಲಿ ಕೆನ್ನೆಯ ಎಲುಬಿನೊಳಗಿನ ಸೈನಸ್ ಪೊಳ್ಳು ಹತ್ತಿರ ಇರುತ್ತದೆ. ತಂತಿ ಕಟ್ಟಿ ಬೇರನ್ನು ನಿಧಾನವಾಗಿ ಕೆಳಗೆ ಎಳೆಯುವ ವಿಧಾನವೂ ಇದೆ. ಮುಂದಿನ ಹಲ್ಲಾಗಿದ್ದರೆ ನಾನು ಅದನ್ನೇ ಮೊದಲು ಹೇಳುತ್ತಿದ್ದೆ. ನಗುವಾಗ ಕಾಣುವ ಜಾಗದಲ್ಲಿ ಒಂದೇ ಹಲ್ಲಿನ ಎಲುಬು ತೆಗೆದರೆ ಆ ಹಲ್ಲು ಪಕ್ಕದವಕ್ಕಿಂತ ಉದ್ದ ಕಾಣುತ್ತದೆ, ಸಂದಿಯಲ್ಲಿ ಕಪ್ಪು ತ್ರಿಕೋನ ಬೀಳುತ್ತದೆ. ಇಲ್ಲಿ ಎಲುಬು ತೆಗೆಯಬೇಕಿದ್ದದ್ದು ಅಂಗುಳದ ಕಡೆ ಮಾತ್ರ. ಹೊರಗೆ ಯಾರಿಗೂ ಕಾಣುವುದಿಲ್ಲ.

ಕೊರತೆ ನಾಲ್ಕು ಮಿ.ಮೀ. ಇದ್ದಿದ್ದರೆ ಕೀಳಿಸಿ ಅಂತಲೇ ಹೇಳುತ್ತಿದ್ದೆ. ದವಡೆ ಹಲ್ಲಿನಲ್ಲಾದರೆ ಬೇರುಗಳು ಕವಲೊಡೆಯುವ ಜಾಗ ಎಷ್ಟು ಹತ್ತಿರವಿದೆ ಅಂತ ನೋಡಬೇಕು. ಎಲುಬು ತೆಗೆಯುವಾಗ ಆ ಕವಲು ತೆರೆದುಕೊಂಡರೆ ಅಲ್ಲಿ ಊಟ ಸೇರಿ, ಮುಂದೆ ಆ ಹಲ್ಲು ಉಳಿಸುವುದು ಕಷ್ಟ. ಎಲ್ಲ ಮುರಿದ ಹಲ್ಲಿಗೂ ಈ ಆಪರೇಷನ್ ಅಲ್ಲ. ಬೇಡ ಅಂತ ಡಾಕ್ಟರ್ ಹೇಳಿದರೆ ಅದಕ್ಕೂ ಇಂಥದ್ದೇ ಒಂದು ಲೆಕ್ಕ ಇರುತ್ತದೆ. ಕೇಳಿ ತಿಳಿದುಕೊಳ್ಳಿ.

ಖರ್ಚಿನ ಬಗ್ಗೆ ಅವರ ಯಜಮಾನರು ಕೇಳಿದರು. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು, ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ದಂತ ಕಾಲೇಜು, ವಿಜಯಪುರದಲ್ಲಿ ಅಲ್ ಅಮೀನ್ ದಂತ ಕಾಲೇಜು ಇವೆ. ಮೂರರಲ್ಲೂ ವಸಡಿನ ವಿಭಾಗ ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆಯಲ್ಲಿ ಆಗುತ್ತದೆ, ಸಮಯ ಮಾತ್ರ ಜಾಸ್ತಿ ಹಿಡಿಯಬಹುದು. ಅದನ್ನೂ ಹೇಳಿದೆ. ಅವರು ನಮ್ಮಲ್ಲೇ ಮಾಡಿಸಲು ಒಪ್ಪಿದರು.

ಆಪರೇಷನ್ನಿಗೆ ಮುಂಚೆ

ಅಕ್ಕೋರಿಗೆ ಸಕ್ಕರೆ ಕಾಯಿಲೆ ಇತ್ತು, ಗುಳಿಗೆ ನಡೆದಿತ್ತು. ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿದಾಗ 7.1 ಬಂತು. ಮುಂದುವರಿಯಬಹುದಾದ ಅಂಕಿ. ಒಂಬತ್ತು ಹತ್ತು ಇದ್ದರೆ ನಾನು ಆಪರೇಷನ್ ಮುಂದೂಡಿ, ಮೊದಲು ಫಿಸಿಶಿಯನ್ ಹತ್ತಿರ ಕಳಿಸುತ್ತೇನೆ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯ ಜಾಸ್ತಿ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರು ಅದನ್ನು ತಾವೇ ನಿಲ್ಲಿಸಬಾರದು. ಹಲ್ಲಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು, ಹೃದಯದ ಡಾಕ್ಟರನ್ನು ಕೇಳಿಯೇ ಮುಂದಿನ ತೀರ್ಮಾನ.

ಮೊದಲ ಭೇಟಿಯಲ್ಲಿ ಎಲ್ಲ ಹಲ್ಲು ಕ್ಲೀನ್ ಮಾಡಿ, ಮುರಿದ ಹಲ್ಲಿಗೆ ತಾತ್ಕಾಲಿಕ ಸಿಮೆಂಟ್ ತುಂಬಿ ಕಳಿಸಿದೆ. ವಸಡಿನ ಊತ ಇಳಿಯಲಿ ಅಂತ. ಊದಿದ ವಸಡಿನಲ್ಲಿ ಬ್ಲೇಡ್ ಇಟ್ಟರೆ ಅಳತೆಯೂ ತಪ್ಪುತ್ತದೆ, ರಕ್ತವೂ ಜಾಸ್ತಿ.

ಹೊಟ್ಟೆ ತುಂಬ ತಿಂದು ಬನ್ನಿ, ಸಕ್ಕರೆ ಗುಳಿಗೆ ಬಿಡಬೇಡಿ ಅಂತ ಹೇಳಿದ್ದೆ. ಆಪರೇಷನ್ ಅಂದ ಕೂಡಲೇ ಉಪವಾಸ ಬರುವವರು ಬಹಳ. ಇದು ಜಾಗ ಮಾತ್ರ ಮರಗಟ್ಟಿಸಿ ಮಾಡುವ ಆಪರೇಷನ್, ಉಪವಾಸ ಬೇಕಿಲ್ಲ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದರೆ ಕುರ್ಚಿಯಲ್ಲೇ ತಲೆ ಸುತ್ತಿ ಬೀಳುವ ಅಪಾಯ. ದಿನ ಶುಕ್ರವಾರ ಇಟ್ಟುಕೊಂಡೆವು. ಶನಿವಾರ ರಜೆ ಹಾಕಿದರೆ ಭಾನುವಾರವೂ ಸಿಗುತ್ತದೆ ಅಂತ ಅವರೇ ಹೇಳಿದರು.

ಆ ಒಂದು ಗಂಟೆ

ಸೂಜಿ ನೋಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಕೆನ್ನೆ ಕಡೆಯ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಅಂಗುಳದ ಸೂಜಿ ನೋಯುತ್ತದೆ. ಅಲ್ಲಿ ಚರ್ಮ ಎಲುಬಿಗೆ ಬಿಗಿಯಾಗಿ ಅಂಟಿರುತ್ತದೆ, ಔಷಧಿ ಹರಡಲು ಜಾಗವಿಲ್ಲ. ಮೊದಲು ಮರಗಟ್ಟಿಸುವ ಜೆಲ್ ಹಚ್ಚಿ, ಉಪಕರಣದ ಹಿಡಿಯಿಂದ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹನಿ ಹನಿಯಾಗಿ ಕೊಟ್ಟರೆ ಅರ್ಧ ನೋವು ಕಡಿಮೆ. ಅಕ್ಕೋರ ಕಣ್ಣಲ್ಲಿ ನೀರು ಬಂತು. ಅಷ್ಟೇ. ಇಡೀ ಆಪರೇಷನ್ನಿನಲ್ಲಿ ಅವರಿಗೆ ನೋವಾದದ್ದು ಆ ಅರ್ಧ ನಿಮಿಷ. ಆಮೇಲೆ ಗೊತ್ತಾಗುವುದು ಒತ್ತಡ, ಕಂಪನ, ನೀರು, ಸಪ್ಪಳ.

ಅಂಗುಳದ ಚರ್ಮ ದಪ್ಪ, ಕೆನ್ನೆ ಕಡೆಯ ವಸಡಿನಂತೆ ಹಿಂದಕ್ಕೆ ಸರಿಸಿ ಹೊಲಿಯಲು ಬರುವುದಿಲ್ಲ. ಅದಕ್ಕೆ ಮುಂದೆ ವಸಡು ಎಲ್ಲಿ ನಿಲ್ಲಬೇಕೋ ಆ ಗೆರೆಯನ್ನು ಮೊದಲೇ ಅಂದಾಜು ಮಾಡಿ, ಅಲ್ಲೇ ಕಮಾನಿನಾಕಾರದಲ್ಲಿ ಕೊಯ್ಯಬೇಕು. ಬ್ಲೇಡ್ ಓರೆಯಾಗಿ ಹಿಡಿದು ಒಳಗಿನಿಂದ ತೆಳು ಮಾಡುತ್ತಾ ಹೋಗಬೇಕು. ಜಾಸ್ತಿ ಕೊಯ್ದರೆ ಎಲುಬು ತೆರೆದುಕೊಳ್ಳುತ್ತದೆ, ಕಡಿಮೆ ಕೊಯ್ದರೆ ವಸಡು ದಪ್ಪಗೆ ಎದ್ದು ನಿಲ್ಲುತ್ತದೆ. ಈ ಒಂದು ಗೆರೆಗೆ ನಾನು ಯಾವತ್ತೂ ಅವಸರ ಮಾಡುವುದಿಲ್ಲ. ಮುಂದಿನ ಮತ್ತು ಹಿಂದಿನ ಹಲ್ಲಿನವರೆಗೂ ಗೆರೆ ಎಳೆದು ವಸಡನ್ನು ಬಿಡಿಸಿದೆ.

ಎಲುಬು ಬಿಳಿಯಾಗಿ ಕಂಡಿತು. ಮುರಿದ ಅಂಚಿಗೆ ಕಡ್ಡಿ ಇಟ್ಟು ಅಳೆದೆ. ಎರಡೇ ಮಿ.ಮೀ. ಸಲೈನ್ ಹರಿಸುತ್ತಾ, ಕೊರೆಯುವ ಮಷಿನ್ನಿನ ಗುಂಡು ಬರ್‌ನಿಂದ ಎಲುಬನ್ನು ಮೊದಲು ತೆಳು ಮಾಡಿದೆ. ನೀರು ಯಾಕೆ ಅಂದರೆ ಎಲುಬು ಬಿಸಿಯಾದರೆ ಸಾಯುತ್ತದೆ. ಬೇರಿಗೆ ತಾಗಿದ ಕೊನೇ ಪದರವನ್ನು ಮಾತ್ರ ಮಷಿನ್ನಿನಿಂದ ತೆಗೆಯುವುದಿಲ್ಲ, ಕೈ ಉಳಿಯಿಂದ ಚೂರು ಚೂರಾಗಿ ಎಬ್ಬಿಸುತ್ತೇವೆ. ಬರ್ ಜಾರಿ ಬೇರಿಗೆ ಗೀರು ಬಿದ್ದರೆ ಅಲ್ಲಿ ಕಾಯಂ ಹಳ್ಳ.

ಹಲ್ಲಿನ ಹತ್ತಿರ ಮಾತ್ರ ಎರಡೂವರೆ ಮಿ.ಮೀ. ಗುಂಡಿ ತೋಡಿದರೆ ಕೆಲಸ ಕೆಟ್ಟಿತು. ವಸಡು ಗುಂಡಿಯನ್ನು ಹಿಂಬಾಲಿಸುವುದಿಲ್ಲ, ಮೇಲೆ ಹಾರಿ ನಿಲ್ಲುತ್ತದೆ. ಅಕ್ಕಪಕ್ಕಕ್ಕೆ ಇಳಿಜಾರಾಗಿ ಎಲುಬನ್ನು ಹದ ಮಾಡಬೇಕು. ಹಾಗೆ ಮಾಡುವಾಗ ಪಕ್ಕದ ಹಲ್ಲುಗಳ ಎಲುಬೂ ಸ್ವಲ್ಪ ಹೋಗುತ್ತದೆ. ಈ ಮಾತನ್ನು ಮೊದಲೇ ಹೇಳಿ ಸಹಿ ತಗೊಂಡಿದ್ದೆ. ಯಾವ ರೋಗಿಯಿಂದಲೂ ಮುಚ್ಚಿಡಬಾರದ ವಿಷಯ ಇದು.

ಕೊನೆಗೆ ಅಳೆದಾಗ ಅಂಗುಳದ ಕಡೆ ನಾಲ್ಕೂವರೆ ಬಂತು. ಸಹಾಯಕಿ ಕನ್ನಡಿ ಹಿಡಿದಳು, ಅಕ್ಕೋರು ಕಡ್ಡಿಯ ಗೆರೆ ತಾವೇ ಎಣಿಸಿ ತಲೆಯಾಡಿಸಿದರು. ತೊಳೆದು, ಹೊಲಿಗೆ ಹಾಕಿ, ಮೇಲೆ ಗಾಯ ಮುಚ್ಚುವ ಗುಲಾಬಿ ಬಣ್ಣದ ಪ್ಯಾಕ್ ಒತ್ತಿ ಕೂರಿಸಿದೆ. ಎಲ್ಲ ಸೇರಿ ಸುಮಾರು ಒಂದು ಗಂಟೆ.

ಮನೆಗೆ ಹೋದ ಮೇಲೆ

ಮರಗಟ್ಟಿದ್ದು ಬಿಡುವ ಮುಂಚೆಯೇ ಮೊದಲ ನೋವಿನ ಗುಳಿಗೆ ನುಂಗಿರಬೇಕು. ನೋವು ಶುರುವಾದ ಮೇಲೆ ನುಂಗಿದರೆ ಒಂದು ಗಂಟೆ ಸುಮ್ನೆ ಒದ್ದಾಡಬೇಕಾಗುತ್ತದೆ. ಮೊದಲ ದಿನ ಕೆನ್ನೆ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಟ್ಟು. ಬಾಯಿ ಜೋರಾಗಿ ಮುಕ್ಕಳಿಸಬಾರದು, ಪದೇ ಪದೇ ಉಗುಳಬಾರದು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪು ನೀರು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ದಿನಕ್ಕೆ ಎರಡು ಸಲ. ಪೇಸ್ಟ್ ಹಚ್ಚಿ ತಿಕ್ಕಿದ ಕೂಡಲೇ ಅದನ್ನು ಬಳಸಬಾರದು, ಅರ್ಧ ಗಂಟೆ ಬಿಡಬೇಕು, ಇಲ್ಲದಿದ್ದರೆ ಅದರ ಶಕ್ತಿ ಕುಂದುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಬೇಡ, ಹಲ್ಲಿಗೆ ಕಂದು ಕಲೆ ಹತ್ತುತ್ತದೆ.

ಊಟದ ವಿಷಯದಲ್ಲಿ ಅಕ್ಕೋರಿಗೆ ಕಷ್ಟವಾಗಲಿಲ್ಲ. ಜೋಳದ ನುಚ್ಚು, ಮಜ್ಜಿಗೆ. ಮೆತ್ತಗಿನ ಅನ್ನ, ಬೇಳೆ ಕಟ್ಟು. ಮೂರು ದಿನದ ಮೇಲೆ ಬಿಸಿ ರೊಟ್ಟಿಯ ನಡುವಿನ ಮೆತ್ತನೆ ಭಾಗ ಹಾಲಿನಲ್ಲಿ ನೆನೆಸಿ, ಎಡಗಡೆ ಮಾತ್ರ. ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಕಡಕ್ ರೊಟ್ಟಿ ಪೂರ್ತಿ ಬಂದ್. ಚಟ್ನಿಪುಡಿಯ ಕಾಳು ಹೊಲಿಗೆಯೊಳಗೆ ಹೊಕ್ಕರೆ ತೆಗೆಯುವುದು ಬಹಳ ತ್ರಾಸು.

ಆ ರಾತ್ರಿ ಒಂಬತ್ತಕ್ಕೆ ಅವರ ಯಜಮಾನರ ಫೋನ್ ಬಂತು. "ಡಾಕ್ಟ್ರೇ, ರಕ್ತ ಬರಾಕತ್ತೈತ್ರಿ." ಹೇಗೆ ಬರ್ತಿದೆ ಅಂತ ಕೇಳಿದೆ. ಉಗುಳು ಗುಲಾಬಿ ಬಣ್ಣ ಇದೆ ಅಂದರು. ಅದು ರಕ್ತಸ್ರಾವ ಅಲ್ಲ. ಒಂದು ಹನಿ ರಕ್ತ ಬಾಯಿ ತುಂಬ ಉಗುಳಿನಲ್ಲಿ ಕಲೆತರೆ ಎಲ್ಲವೂ ಕೆಂಪು ಕಾಣುತ್ತದೆ. ಮೊದಲ ದಿನ ಇದು ಸಹಜ. ಒದ್ದೆ ಗಾಜ್ ಮಡಚಿ ಇಪ್ಪತ್ತು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ, ಆಮೇಲೂ ಗಡ್ಡೆ ಗಡ್ಡೆಯಾಗಿ ಬರುತ್ತಿದ್ದರೆ ಎಷ್ಟೊತ್ತಿದ್ದರೂ ಫೋನ್ ಮಾಡಿ ಅಂದೆ. ಮತ್ತೆ ಫೋನ್ ಬರಲಿಲ್ಲ.

ಎರಡನೇ, ಮೂರನೇ ದಿನ ಕೆನ್ನೆ ಸ್ವಲ್ಪ ಊದಿತ್ತು. ಊತ ಜಾಸ್ತಿಯಾಗುವುದೇ ಆ ಹೊತ್ತಿಗೆ, ಆಮೇಲೆ ಇಳಿಯುತ್ತದೆ. ಇಳಿಯುವ ಬದಲು ನಾಲ್ಕನೇ ದಿನದಿಂದ ಏರತೊಡಗಿದರೆ, ಜ್ವರ ಬಂದರೆ, ಕೀವಿನ ರುಚಿ ಬಂದರೆ ಕಾಯದೆ ಬರಬೇಕು. ಅಕ್ಕೋರಿಗೆ ಹಾಗೇನೂ ಆಗಲಿಲ್ಲ. ಸೋಮವಾರ ಶಾಲೆಗೂ ಹೋದರು. ಮಕ್ಕಳಿಗೆ ಓದಿಸುವಾಗ ಳ, ಣ ಬಂದಲ್ಲೆಲ್ಲ ನಾಲಿಗೆ ಪ್ಯಾಕಿಗೆ ತಾಗುತ್ತಿತ್ತಂತೆ. ಮರುದಿನ ಆ ಪ್ಯಾಕ್ ತಾನೇ ಬಿದ್ದುಹೋಯಿತು. ನೋವಿಲ್ಲದಿದ್ದರೆ ಮತ್ತೆ ಹಾಕಬೇಕಿಲ್ಲ.

ಪ್ಯಾಕ್ ಬಿದ್ದ ಮೇಲೆ ಅವರು ಗಾಬರಿಯಾಗಿ ಒಂದು ಫೋಟೊ ಕಳಿಸಿದರು. ಗಾಯದ ಮೇಲೆ ಬಿಳಿ ಹಳದಿ ಪೊರೆ. ಕೀವು ಅಂತ ಅವರ ಲೆಕ್ಕ. ಅದು ಕೀವಲ್ಲ. ಬಾಯಿಯೊಳಗಿನ ಗಾಯ ಸದಾ ಒದ್ದೆ ಇರುವುದರಿಂದ ಹೊರಗಿನ ಗಾಯದ ಹಾಗೆ ಒಣ ಹಕ್ಕಳೆ ಕಟ್ಟುವುದಿಲ್ಲ, ಇಂಥ ಮೆತ್ತನೆ ಪೊರೆ ಕಟ್ಟುತ್ತದೆ. ಅದನ್ನು ತಿಕ್ಕಿ ತೆಗೆಯಬಾರದು. ಈ ಒಂದು ವಿಷಯವನ್ನು ಈಗ ನಾನು ಎಲ್ಲರಿಗೂ ಕೊಡುವ ಚೀಟಿಯಲ್ಲೇ ಬರೆದುಕೊಡುತ್ತೇನೆ.

ಎಂಟನೇ ದಿನ ಹೊಲಿಗೆ ತೆಗೆದೆ.

ಕಾಯುವುದು

ನೋವಿನ ಕಥೆ ಒಂದು ವಾರದಲ್ಲಿ ಮುಗಿಯಿತು. ಈ ಆಪರೇಷನ್ನಿನ ನಿಜವಾದ ಕಷ್ಟ ಆಮೇಲೆ ಶುರುವಾಗುತ್ತದೆ, ಮತ್ತು ಅದಕ್ಕೆ ರೋಗಿಗಳನ್ನು ಯಾರೂ ಮೊದಲೇ ತಯಾರು ಮಾಡುವುದಿಲ್ಲ.

ನಾಲ್ಕನೇ ವಾರ ಬೇರಿನೊಳಗೆ ಫೈಬರ್ ಪೋಸ್ಟ್ (ಮೇಲೆ ಕಟ್ಟುವ ಭಾಗಕ್ಕೆ ಆಧಾರವಾಗುವ ಸಣ್ಣ ಕಡ್ಡಿ) ಕೂರಿಸಿ, ಹಲ್ಲನ್ನು ಕಟ್ಟಿ, ತಾತ್ಕಾಲಿಕ ಕ್ಯಾಪ್ ಹಾಕಿದೆವು. ಅದರ ಅಂಚನ್ನು ಬೇಕಂತಲೇ ವಸಡಿಗೆ ತಾಗದಂತೆ ಬಿಟ್ಟಿದ್ದೆ. ಅಕ್ಕೋರಿಗೆ ವಸಡು ಪೂರ್ತಿ ಮಾದಂತೆ ಕಂಡಿತು. ಮುಂದಿನ ವಾರ ಅಣ್ಣನ ಮಗನ ಮದುವೆ ಇತ್ತು. "ಅಳತಿ ತಗೊಂಡು ಬಿಡ್ರಿ, ಮದುವಿಗೆ ಹೊಸಾ ಕ್ಯಾಪ್ ಹಾಕ್ಕೊಂಡು ಹೋಗ್ತೀನಿ" ಅಂದರು. ಆಸೆ ಸಹಜ. ನಾನು ಒಪ್ಪಲಿಲ್ಲ.

ಮೇಲಿನ ಚರ್ಮ ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದು ಅದು. ಒಳಗೆ ನಾರಿನ ಪದರ ಹೊಸ ಜಾಗದಲ್ಲಿ ಬೇರಿಗೆ ಬಿಗಿಯುವುದು, ಎಲುಬಿನ ಅಂಚು ಹದಕ್ಕೆ ಬರುವುದು ನಿಧಾನ. ಆ ಅವಧಿಯಲ್ಲಿ ವಸಡು ಸ್ವಲ್ಪ ಮುಂದಕ್ಕೆ ಬರಬಹುದು, ತೆಳು ವಸಡಿನವರಿಗೆ ಸ್ವಲ್ಪ ಹಿಂದಕ್ಕೂ ಹೋಗಬಹುದು. ಅಷ್ಟರಲ್ಲೇ ಅಳತೆ ತಗೊಂಡರೆ ಇವತ್ತಿನ ವಸಡಿಗೆ ಕ್ಯಾಪ್ ಮಾಡಿದ ಹಾಗೆ. ನಾಳೆ ವಸಡು ಸರಿದಾಗ ಅಂಚು ಒಂದೋ ಆಳದಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೊರಗೆ ಕಾಣುತ್ತದೆ. ಆಳದಲ್ಲಿ ಸಿಕ್ಕಿಕೊಂಡರೆ ಅಷ್ಟೆಲ್ಲ ಅನುಭವಿಸಿ ಗಳಿಸಿದ ಮೂರು ಮಿ.ಮೀ. ಮತ್ತೆ ಹೋಯಿತು. ಹಿಂದಿನ ಹಲ್ಲುಗಳಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯುತ್ತೇವೆ. ನಗುವಾಗ ಕಾಣುವ ಹಲ್ಲಾದರೆ ಮೂರರಿಂದ ಆರು ತಿಂಗಳು. ಆರು ತಿಂಗಳು ಅಂದಾಗ ಎದ್ದು ಹೋದವರನ್ನೂ ನೋಡಿದ್ದೇನೆ, ಆದರೂ ಆ ಅಂಕಿ ಕಡಿಮೆ ಮಾಡಿ ಹೇಳಲು ನನಗೆ ಆಗುವುದಿಲ್ಲ.

ಅಕ್ಕೋರು ತಾತ್ಕಾಲಿಕ ಕ್ಯಾಪಿನಲ್ಲೇ ಮದುವೆ ಮುಗಿಸಿ ಬಂದರು.

ನಡುವೆ ಇನ್ನೊಂದು ತಕರಾರು ಬಂತು. ತಣ್ಣೀರು ಕುಡಿದರೆ ಪಕ್ಕದ ದವಡೆ ಹಲ್ಲು ಜುಮ್ಮೆನ್ನುತ್ತಿತ್ತು. ಎಲುಬು ಇಳಿಜಾರು ಮಾಡುವಾಗ ಆ ಹಲ್ಲಿನ ಬೇರು ಸ್ವಲ್ಪ ತೆರೆದುಕೊಂಡಿತ್ತು. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಕೊಟ್ಟೆ, ಮೆತ್ತನೆ ಬ್ರಶ್ ಹೇಳಿದೆ. ತಿಂಗಳಲ್ಲಿ ಬಹಳ ಮಟ್ಟಿಗೆ ಕಡಿಮೆಯಾಯಿತು.

ಎಂಟು ವಾರಕ್ಕೆ ಅಳೆದಾಗ ವಸಡು ಸುಮಾರು ಅರ್ಧ ಮಿ.ಮೀ. ಮುಂದಕ್ಕೆ ಬಂದು ನಿಂತಿತ್ತು. ಕಡ್ಡಿ ಇಳಿಸಿದರೆ ರಕ್ತವಿಲ್ಲ. ಆಗ ಅಳತೆ ತಗೊಂಡೆವು, ಅಂಚನ್ನು ವಸಡಿನ ಮಟ್ಟಕ್ಕೇ ಇಟ್ಟೆವು. ಅಂಗುಳದ ಕಡೆ ಅಂಚು ಮುಚ್ಚಿಡುವ ಅಗತ್ಯ ಇಲ್ಲ.

ಕ್ಯಾಪಿನ ಬಣ್ಣದ ಬಗ್ಗೆ ಸ್ವಲ್ಪ ಮಾತಾಯಿತು. ಹುನಗುಂದ ಸೀಮೆಯ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಇರುತ್ತವೆ. ಅಕ್ಕೋರಿಗೂ ಇದ್ದವು. ಅವರಿಗೆ ಅಚ್ಚ ಬಿಳಿ ಕ್ಯಾಪ್ ಬೇಕಿತ್ತು. ಶೇಡ್ ಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು, ಕಿಟಕಿ ಬೆಳಕಿನಲ್ಲಿ ಕನ್ನಡಿ ಕೊಟ್ಟೆ. ಬಿಳಿ ಇಟ್ಟಾಗ ಅದೊಂದೇ ಹಲ್ಲು ಬೇರೆಯವರದ್ದು ಅನ್ನಿಸಿತು. ಅವರೇ ಕಂದು ಛಾಯೆಯದು ಆರಿಸಿದರು. ಲ್ಯಾಬಿನವರಿಗೆ ಪಕ್ಕದ ಹಲ್ಲಿನ ಫೋಟೊ ಕಳಿಸಿ, ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ವಸ್ತು) ಕ್ಯಾಪಿನ ಮೇಲೆ ತೆಳುವಾಗಿ ಒಂದು ಕಂದು ಗೆರೆ ಬರೆಸಿದೆವು. ಕೂರಿಸಿದ ದಿನ ಅವರ ಯಜಮಾನರಿಗೆ ಯಾವುದು ಕ್ಯಾಪ್ ಅಂತ ಕೂಡಲೇ ಹೇಳಲು ಆಗಲಿಲ್ಲ.

ಆರು ತಿಂಗಳ ನಂತರ

ಆರು ತಿಂಗಳಿಗೆ ಬಂದಾಗ ಸುತ್ತಲೂ ಅಳತೆ ಎರಡು ಮೂರು ಮಿ.ಮೀ. ಒಳಗೇ ಇತ್ತು. ರಕ್ತವಿಲ್ಲ, ಹಲ್ಲು ಅಲ್ಲಾಡುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಎಲುಬಿನ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಎಚ್‌ಬಿಎ1ಸಿ 7ಕ್ಕೆ ಬಂದಿತ್ತು.

ಒಂದು ತೊಂದರೆ ಉಳಿದಿದೆ. ಕ್ಯಾಪಿಗೂ ಪಕ್ಕದ ದವಡೆ ಹಲ್ಲಿಗೂ ನಡುವೆ ವಸಡಿನ ಬುಡದಲ್ಲಿ ಸಂದು ಮೊದಲಿಗಿಂತ ಅಗಲ. ಮೆಂತ್ಯ ಸೊಪ್ಪು, ಮೆಕ್ಕೆಜೋಳದ ಸಿಪ್ಪೆ ಅಲ್ಲೇ ಹೋಗಿ ಕೂರುತ್ತವೆ. ಇದು ಆಪರೇಷನ್ನಿನ ಪರಿಣಾಮ, ಹೋಗುವಂಥದ್ದಲ್ಲ. ಸಂದಿಗೆ ಹಾಕುವ ಸಣ್ಣ ಬ್ರಶ್ ತೋರಿಸಿಕೊಟ್ಟಿದ್ದೆ. ಮೊದಮೊದಲು ಬೇಸರ ಮಾಡಿಕೊಂಡಿದ್ದರು, ಈಗ ರಾತ್ರಿ ಊಟದ ಮೇಲೆ ತಪ್ಪದೆ ಹಾಕುತ್ತಾರೆ. ಅದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು, ತೆಗೆದು ತೋರಿಸಿದರು. ಮುಂದಿನ ಎಕ್ಸ್‌ರೇ ವರ್ಷ ತುಂಬಿದಾಗ.

ಅವತ್ತೇ ಅವರು ಎಡಗಡೆ ಕೆಳಗಿನ ದವಡೆ ಹಲ್ಲನ್ನೂ ತೋರಿಸಿದರು. ಅದಕ್ಕೂ ರೂಟ್ ಕೆನಾಲ್ ಆಗಿ ಎರಡು ವರ್ಷವಾಗಿತ್ತು, ಅದಕ್ಕೂ ಕ್ಯಾಪ್ ಇರಲಿಲ್ಲ. ನಾಲ್ಕೂ ಗೋಡೆ ಇನ್ನೂ ಗಟ್ಟಿಯಾಗಿದ್ದವು, ವಸಡಿನ ಮೇಲೆ ಬೇಕಾದಷ್ಟು ಹಲ್ಲಿತ್ತು. ಆಪರೇಷನ್ ಬೇಕಿರಲಿಲ್ಲ. ಆ ದಿನವೇ ಹಲ್ಲು ಸವೆಸಿ ಅಳತೆ ತಗೊಂಡೆವು, ಮುಂದಿನ ಭೇಟಿಯಲ್ಲಿ ಕ್ಯಾಪ್ ಕೂರಿಸಿದೆವು.